ಕನ್ನಡಿ ಹಚ್ಚಿದ ಚೀಲ

"ಈ ಬಿಂದಿಗಿ ಇನ್ನೊಂದ್ಸಲ ಬರಿ ಅಂದ್ರ ಪೆನ್ಸಿಲ್ ಮುರದು ಹೊಳ್ಯಾಗ ಒಗೀತೇನಿ ನೋಡ್ರಿ!"

ಅಫಜಲಪುರದ ಭಾನುವಾರದ ಚಿತ್ರಕಲಾ ತರಗತಿಯೇ ತಿರುಗಿ ನೋಡಿತು. ಕೂಗಿದವಳು ಸುವರ್ಣಾ. ಡಿಗ್ರಿ ಮುಗಿಸಿ ಡ್ರಾಯಿಂಗ್ ಟೀಚರ್ ಆಗಬೇಕೆಂದು ಹಟ ಹಿಡಿದವಳು. ಹಟವೇನೋ ಇತ್ತು, ತಾಳ್ಮೆ ಎಳ್ಳಷ್ಟೂ ಇರಲಿಲ್ಲ!

ಕಲಿಸುವವನು ಧಮ್ಮಪಾಲ. ಕಿವಿ ಮುಚ್ಚುವಂತೆ ಕೂದಲು ಬಿಟ್ಟ, ಮಾತು ಕಡಿಮೆಯ ಹುಡುಗ. ಬೈಯುತ್ತಾನೆ ಅಂದುಕೊಂಡಳು. ಅವನು ನಕ್ಕ.

"ಬಿಂದಿಗಿ ಬಿಡ್ರಿ. ಹೊತ್ತು ಹೋದದ್ದು ಗೊತ್ತಾಗಲಾರದಂಗ ಮನ್ಯಾಗ ಏನ್ ಮಾಡ್ತೀರಿ?"

"ಅರಿವಿ-ಬಟ್ಟಿಗೆ ಕನ್ನಡಿ ಹಚ್ಚಿ ಕಸೂತಿ ಹಾಕ್ತೇನಿ."

"ಅದನ್ನೇ ಬರೀರಿ. ಅಭ್ಯಾಸ ಅಂದ್ರ ಶಿಕ್ಷಾ ಅಲ್ಲ."

"ಮತ್ತ ನಿಮ್ಮದು?"

"ಗಾಳ. ಸೊನ್ನ ಬ್ಯಾರೇಜಿನ ಕೆಳಗ ಬಂಡೆಗಲ್ಲಿನ ಮ್ಯಾಲ ಕುಂತು ಮೀನ ಹಿಡೀತೇನಿ, ನೀರ ಬರೀತೇನಿ."

ಸುವರ್ಣಾಳಿಗೆ ಅಜ್ಜಿ ನಿಂಬೆವ್ವನ ಮಾತು ನೆನಪಾಯಿತು: "ಭೀಮಾ ಹೊಳೀನ ನಂಬಬ್ಯಾಡ ಬೇ. ಇಲ್ಲಿ ಹನಿ ಮಳಿ ಇರಂಗಿಲ್ಲ, ಮ್ಯಾಲ ಮಹಾರಾಷ್ಟ್ರದಾಗ ಸುರೀತದ. ಮುಗಿಲು ಬೆಳ್ಳಗಿದ್ದಾಗೇ ಹೊಳಿ ಬರ್ತದ."

ಮೂರು ತಿಂಗಳಲ್ಲಿ ಸುವರ್ಣಾಳ ಪುಸ್ತಕದ ತುಂಬ ಕನ್ನಡಿ, ದಾರ, ಹೊಲಿಗೆ. ಊಟಕ್ಕೆ ಕರೆದರೂ ಪೆನ್ಸಿಲ್ ಕೆಳಗಿಡಳು! ಯಾವ ಕನ್ನಡಿ ಬರೆದರೂ ಒಳಗೆ ಒಂದೇ ಮುಖ ಮೂಡುತ್ತಿತ್ತು...

ಒಂದು ಬುಧವಾರ ತಡೆಯಲಾರದೆ ಹೊಳೆಗೆ ಹೋದಳು. ಅವನು ಬೆನ್ನು ತಿರುಗಿಸಿ ಬಂಡೆಯ ಮೇಲೆ ಕುಳಿತಿದ್ದ.

"ಸರ್... ನನಗ ನೀವಂದ್ರ ಜೀವ."

ಅವನು ತಿರುಗಲಿಲ್ಲ. ಮಾನ ಬಿಟ್ಟು ಇನ್ನೊಮ್ಮೆ, ಜೋರಾಗಿಯೇ ಹೇಳಿದಳು. ಅವನು ಗಾಳಕ್ಕೆ ಹುಳ ಸಿಕ್ಕಿಸಿಕೊಂಡ, ಅಷ್ಟೇ!

'ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ... ನಾಯಿ ಬೊಗಳಿತೇನೋ ಅನ್ನಂಗ ಕುಂತ!' ಅಂದು ರಾತ್ರಿ ದಿಂಬು ತೊಯ್ದಿತು. ಎರಡು ಭಾನುವಾರ ತರಗತಿಗೆ ಹೋಗಲಿಲ್ಲ.

ಮೂರನೆಯ ವಾರ, ಅವನು ಕೊಟ್ಟಿದ್ದ ಬಣ್ಣದ ಡಬ್ಬಿಯನ್ನು ಮುಖದ ಮೇಲೆ ಎಸೆದು ಬರುತ್ತೇನೆಂದು ಹೊಳೆಗೆ ಹೊರಟಳು. ಹೆಗಲಿಗೆ ತಾನೇ ಕನ್ನಡಿ ಹಚ್ಚಿ ದಿನಾ ತರಗತಿಗೆ ಒಯ್ಯುತ್ತಿದ್ದ ಚೀಲ. ಆಕಾಶದಲ್ಲಿ ಒಂದು ಮೋಡವಿಲ್ಲ.

ಆದರೆ ಹೊಳೆ ಕೆಂಪಗಾಗಿತ್ತು. ದಂಡೆಯಲ್ಲಿ ಒಂದು ಕೊಕ್ಕರೆಯೂ ಇರಲಿಲ್ಲ. ಗಾಳಿಗೆ ಹಸಿ ರಾಡಿಯ ವಾಸನೆ.

ಅಷ್ಟರಲ್ಲಿ ಬ್ಯಾರೇಜಿನ ಸೈರನ್ ಕೂಗಿತು.

"ನೀರ ಬಿಡಾಕತ್ತಾರ! ಮ್ಯಾಲ ಬರ್ರಿ!" ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬುಟ್ಟಿ ಎತ್ತಿಕೊಂಡು ಓಡಿದರು.

ಧಮ್ಮಪಾಲ ಮಾತ್ರ ಬಂಡೆಯ ಮೇಲೆ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದ.

"ಸರ್! ಏಳ್ರಿ!"

ಅದೇ ಬೆನ್ನು.

ದಂಡೆಯ ಮೇಲೆ ಅವನ ಚಪ್ಪಲಿ, ಪಕ್ಕದಲ್ಲೊಂದು ಗಾಜಿನ ಡಬ್ಬಿ. ಒಳಗೆ... ಕಿವಿಯ ಮಷೀನು! ನೀರು ಬೀಳಬಾರದೆಂದು ತೆಗೆದಿಟ್ಟಿದ್ದ.

'ಅಯ್ಯೋ ದೇವರೇ... ಇವರಿಗೆ ಕೇಳಂಗಿಲ್ಲ! ಅವತ್ತೂ ಕೇಳಿಲ್ಲ!'

ನೀರಿಗಿಳಿದಳು. ಸೆಳೆತ ಕಾಲು ಕಿತ್ತಿತು. ಹಿಂದಕ್ಕೆ ಬಂದು, ಗಾಜಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಅವನ ಮುಖದ ಮಗ್ಗುಲು ಕಾಣುವತನಕ ದಂಡೆಗುಂಟ ಓಡಿ, ಚೀಲವನ್ನು ಬಿಸಿಲಿಗೆ ಹಿಡಿದಳು. ಬೆಳಕಿನ ಚುಕ್ಕೆಗಳು ನೀರು ದಾಟಿದವು, ಬಂಡೆ ಹತ್ತಿದವು, ಅವನ ಹಾಳೆಯ ಮೇಲೆ ಕುಣಿದವು.

ಅವನು ತಲೆಯೆತ್ತಿದ. ಸುತ್ತ ನೀರು ಕಂಡು ಮುಖ ಬಿಳಿಚಿತು. ಪುಸ್ತಕ, ಗಾಳ ಬಿಟ್ಟು ಹಾರಿದ. ಎದೆಮಟ್ಟ ನೀರಿನಲ್ಲಿ ಎರಡು ಸಲ ಮುಳುಗಿದ. ಸುವರ್ಣಾ ಜಾಲಿಗಿಡವನ್ನು ಒಂದು ಕೈಯಲ್ಲಿ ಹಿಡಿದು ದುಪಟ್ಟಾ ಎಸೆದಳು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು.

ದಂಡೆಗೆ ಬಿದ್ದು ಹಿಂದೆ ನೋಡಿದರೆ, ಬಂಡೆಯೇ ಇರಲಿಲ್ಲ.

"ಕಿವುಡ ಮಾಸ್ತರ ಅಂತ ನಗ್ತೀರಿ ಅಂತ ಅಂಜಿದ್ದೆ..." ಅವನು ಏದುಸಿರು ಬಿಡುತ್ತ ಹೇಳಿದ. "ನೀವು ಬರೋದು ಬಿಟ್ಟಿರಿ. ನಿಮ್ಮ ಚೀಲಾನೇ ಬರ್ಯಾಕತ್ತಿದ್ದೆ. ಕನ್ನಡಿ ಎಷ್ಟಂತ ನೆನಪಾಗವಲ್ದು."

ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು.

"ನನಗ... ನೀವಂದ್ರ... ಜೀವ."

ಅವನ ಕಣ್ಣು ತುಂಬಿ ಬಂತು.

"ಇನ್ನೊಮ್ಮೆ ಹೇಳ್ರಿ."

"ತಿಳೀಲಿಲ್ಲೇನು?"

"ತಿಳೀತು." ಅವಳು ಚೀಲದಿಂದ ತೆಗೆದುಕೊಟ್ಟ ಮಷೀನು ಕಿವಿಗೆ ಹಚ್ಚಿಕೊಂಡ. "ಕೇಳಬೇಕಾಗ್ಯದ."

ಸುವರ್ಣಾ ಈ ಸಲ ಕೂಗಲಿಲ್ಲ. ಅವನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಹೇಳಿದಳು.