ಕಪ್ಪು ಪಟ್ಟಿಯ ಇಪ್ಪತ್ತೆರಡು ಕಡ್ಡಿಗಳು

2009ನೇ ಇಸವಿ ನವೆಂಬರ್ 17, ಮಂಗಳವಾರ. ಮಧ್ಯಾಹ್ನ 3.40ಕ್ಕೆ ಅತ್ತಿಗುಪ್ಪೆಯ ಅಂಗಡಿಯೊಂದರ ಮಾಲೀಕ ಕಿಟ್ಟಿ ಏದುಸಿರು ಬಿಡುತ್ತ ಠಾಣೆಗೆ ಬಂದ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನ ಅಂಗಡಿಯಿಂದ ಇಪ್ಪತ್ತೆರಡು ಎಲೆಕ್ಟ್ರಾನಿಕ್ ಸಿಗರೇಟು ಕಡ್ಡಿಗಳು ಕಳುವಾಗಿದ್ದವು.

ಸಬ್ ಇನ್‌ಸ್ಪೆಕ್ಟರ್ ರೇವಣಸಿದ್ದನಿಗೆ ಆ ವಸ್ತುವೇ ಹೊಸದು. ದೂರಿನಲ್ಲಿ ಅದನ್ನು ಏನೆಂದು ಬರೆಯಬೇಕೆಂದು ತಿಳಿಯದೆ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ.

"ಯೂಸ್ ಅಂಡ್ ಥ್ರೋ ಸಾರ್," ಎಂದ ಕಿಟ್ಟಿ. "ಬೆಂಕಿ ಬೇಡ, ಬೂದಿ ಇಲ್ಲ. ಎಳೆದ್ರೆ ತುದೀಲಿ ಕೆಂಪು ಲೈಟ್ ಹತ್ತುತ್ತೆ. ಖಾಲಿ ಆದ್ಮೇಲೆ ಬಿಸಾಕೋದು."

ಭಾರತೀಯ ದಂಡ ಸಂಹಿತೆ ಕಲಂ 380ರ ಅಡಿ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿ ನ್ಯಾಯಾಲಯಕ್ಕೆ ಹೋಯಿತು. 4.30ಕ್ಕೆ ರೇವಣಸಿದ್ದ, ಹೆಡ್ ಕಾನ್‌ಸ್ಟೆಬಲ್ ಮುನಿರಾಮಯ್ಯ ಸ್ಥಳಕ್ಕೆ ಹೋದರು. ಏನೂ ಒಡೆದಿರಲಿಲ್ಲ. ಗಾಜಿನ ಕಪಾಟಿನಲ್ಲಿ ಬಿಳಿ ಪಟ್ಟಿಯ, ನೀಲಿ ಪಟ್ಟಿಯ ಕಡ್ಡಿಗಳು ಪೆಟ್ಟಿಗೆಗಟ್ಟಲೆ ಹಾಗೆಯೇ ಇದ್ದವು. ಹೋಗಿದ್ದದ್ದು ಕಪ್ಪು ಪಟ್ಟಿಯವು ಮಾತ್ರ.

"ಏನ್ರೀ ವ್ಯತ್ಯಾಸ?" ಎಂದು ರೇವಣಸಿದ್ದ ಕೇಳಿದ.

"ಒಬ್ಬೊಬ್ಬರ ಅಭ್ಯಾಸಕ್ಕೆ ಒಂದೊಂದು ಸಾರ್. ಊಟ ಆದ್ಮೇಲೆ ಒಂದು ಸೇದೋರಿಗೆ ಬಿಳಿ. ಆಫೀಸಲ್ಲಿ ಗಂಟೆಗೊಂದು ಸಲ ಎದ್ದು ಹೋಗೋರಿಗೆ ನೀಲಿ. ಕಪ್ಪು ಬಲು ಖಾರ. ಎದ್ದ ತಕ್ಷಣ ಬೇಕು, ಎರಡು ಸಲ ಎಳೆದ್ರೆ ಸಾಕು ಅನ್ನೋರಿಗೆ ಅದು. ನಾನು ಸುಮ್ನೆ ಮಾರಲ್ಲ. ಮೊದಲು ಒಂದು ವಾರ ಹಾಳೆ ತುಂಬಿಸ್ಕೊಂಡು ಬನ್ನಿ ಅಂತೀನಿ. ಎಷ್ಟು ಗಂಟೆಗೆ ಸೇದಿದ್ರಿ, ಯಾಕೆ ಸೇದಿದ್ರಿ, ಎಲ್ಲ. ತಪ್ಪು ಕಡ್ಡಿ ಕೊಟ್ರೆ ಎರಡೇ ದಿನಕ್ಕೆ ವಾಪಸ್ ಸಿಗರೇಟು ಹಚ್ತಾರೆ."

"ನನಗೆ ಯಾವ ಪಟ್ಟಿ ಬರುತ್ತಪ್ಪ?" ಎಂದು ಮುನಿರಾಮಯ್ಯ ಕೇಳಿದ.

"ದಿನಕ್ಕೆ ಎಷ್ಟು ಸಾರ್?"

"ಮನೇಲಿ ಹೇಳಿರೋದು ಮೂರು."

"ಹಂಗಾದ್ರೆ ಕಪ್ಪು."

ರೇವಣಸಿದ್ದ ನಗಲಿಲ್ಲ. "ಊಟಕ್ಕೆ ಹೋದಾಗ ಅಂಗಡಿ ಯಾರು ನೋಡ್ಕೊಂಡಿದ್ರು?"

"ಪಕ್ಕದ ಇಂದ್ರಮ್ಮ ಆಂಟಿ. ಶಟರ್ ಅರ್ಧ ಎಳೆದು, ಆಂಟಿ ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ಹೋಗ್ತೀನಿ. ಅವರು ಹೋದಾಗ ನಾನು ನೋಡ್ಕೋತೀನಿ. ಈ ಸಾಲಲ್ಲಿ ಎಲ್ಲರದ್ದೂ ಹಂಗೇ."

ಇಂದ್ರಮ್ಮ ಪಕ್ಕದ ಅಂಗಡಿಯ ಬಾಗಿಲಲ್ಲೇ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ನಲವತ್ತೈದು ದಾಟಿರಬಹುದು.

"ಮಧ್ಯಾಹ್ನ ಕಿಟ್ಟಿ ಅಂಗಡಿಗೆ ಯಾರಾದ್ರೂ ಬಂದ್ರಾ?"

"ಇಲ್ಲ ಸಾರ್."

"ನೀವು ನಡುವೆ ಎದ್ದು ಎಲ್ಲಾದ್ರೂ ಹೋಗಿದ್ರಾ?"

"ಇಲ್ಲ ಸಾರ್. ಇಲ್ಲೇ ಇದ್ದೆ."

ಜೀಪು ಹತ್ತಿದ ಮೇಲೂ ಆ ಉತ್ತರ ರೇವಣಸಿದ್ದನನ್ನು ಬಿಡಲಿಲ್ಲ. ಯಾರೂ ಬಂದಿಲ್ಲ, ಆಕೆಯೂ ಎದ್ದಿಲ್ಲ. ಕೆಂಪು ಅಂಗಿಯವನೊಬ್ಬ ಬಂದಿದ್ದ ಎಂದು ಒಂದು ಸುಳ್ಳು ಹೇಳಿದ್ದರೆ ಪೊಲೀಸರು ವಾರಗಟ್ಟಲೆ ಅಲೆಯುತ್ತಿದ್ದರು. ಇಲ್ಲದವನೊಬ್ಬನ ತಲೆಗೆ ಕಟ್ಟುವುದಕ್ಕೂ ಆಕೆಗೆ ಮನಸ್ಸು ಬಂದಿರಲಿಲ್ಲವೇ? ಅಥವಾ ತಾನೇ ಅವಸರಪಟ್ಟು ಬಡವರ ಮೇಲೆ ಅನುಮಾನ ಪಡುತ್ತಿದ್ದೇನೆಯೇ?

ಬುಧವಾರ ಬೆಳಿಗ್ಗೆ ಕಿಟ್ಟಿಯ ಹಾಳೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿಕೊಂಡ. ಕಪ್ಪು ಪಟ್ಟಿಯ ಗಿರಾಕಿಗಳು ಐವರು. ನಾಲ್ವರು ತಮ್ಮ ಹಾಳೆಯನ್ನು ತಾವೇ ತುಂಬಿದ್ದರು: ‘ಟೆನ್ಷನ್’, ‘ಕಾಫಿ ಆದ ಮೇಲೆ’, ‘ಸುಮ್ಮನೆ’. ಐದನೆಯ ಹಾಳೆಯ ಮೇಲಿದ್ದ ಹೆಸರು ಮುನಿಯಪ್ಪ, ಬಾಪೂಜಿ ನಗರ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘5.10. ಕೆಮ್ಮು ನಿಂತ ಮೇಲೆ ಕೇಳಿದರು. 5.50. ನಾನು ಸ್ನಾನಕ್ಕೆ ಹೋದಾಗ ಸೇದಿದರು. 6.40. ಎರಡೇ ಸಲ ಎಳೆದು ಸುಸ್ತಾಗಿ ಮಲಗಿದರು.’

ಸೇದುವವನು ಬರೆದ ಹಾಳೆಯಲ್ಲ ಅದು. ಸೇದುವವನನ್ನು ಕಣ್ಣಿಟ್ಟು ಕಾಯುತ್ತಿದ್ದವರು ಬರೆದದ್ದು.

ರೇವಣಸಿದ್ದ ಕಿಟ್ಟಿಗೆ ಫೋನ್ ಮಾಡಿದ. "ಮುನಿಯಪ್ಪ ಅನ್ನೋರು ಯಾರು?"

"ಇಂದ್ರಮ್ಮ ಆಂಟಿ ಯಜಮಾನ್ರು. ಆಂಟಿನೇ ತಗೊಂಡು ಹೋಗ್ತಾರೆ. ಮೊನ್ನೆ ಕೇಳಿದ್ರು ಸಾರ್. ಈ ಲಾಟು ವೈಟ್‌ಫೀಲ್ಡ್ ಪಾರ್ಟಿಗೆ ಬುಕ್ ಆಗಿದೆ, ಇನ್ನು ಮೂರು ತಿಂಗಳು ಮಾಲು ಬರಲ್ಲ ಅಂದಿದ್ದೆ. ಅಯ್ಯೋ, ಆಂಟಿ ಅಲ್ಲ ಬಿಡಿ ಸಾರ್."

ಸಂಜೆ 4.15ಕ್ಕೆ ರೇವಣಸಿದ್ದ, ಮುನಿರಾಮಯ್ಯ ಇಬ್ಬರೂ ಮಹಿಳಾ ಕಾನ್‌ಸ್ಟೆಬಲ್ ತುಂಗಾ ಹಾಗೂ ಸಾಕ್ಷಿಗೆ ಇಬ್ಬರು ಪಂಚರೊಂದಿಗೆ ಬಾಪೂಜಿ ನಗರದ ಮನೆ ತಲುಪಿದರು. ಒಂದೇ ಕೋಣೆ. ಮಂಚದ ತಲೆದೆಸೆಯಲ್ಲಿ ಆಳೆತ್ತರದ ಆಕ್ಸಿಜನ್ ಸಿಲಿಂಡರ್. ಅದರ ನಳಿಕೆ ಮುನಿಯಪ್ಪನ ಮೂಗಿನಲ್ಲಿತ್ತು. ಅವನ ಮೀಸೆಯ ಎಡಭಾಗ ಸುಟ್ಟು ಕರಕಲಾಗಿತ್ತು.

ಪೊಲೀಸರು ಕೇಳುವವರೆಗೂ ಇಂದ್ರಮ್ಮ ಕಾಯಲಿಲ್ಲ. ಅಕ್ಕಿ ಡಬ್ಬಿಯಿಂದ ಪೊಟ್ಟಣ ತೆಗೆದು ಮುಂದಿಟ್ಟಳು. ಇಪ್ಪತ್ತೊಂದಿದ್ದವು. ಇಪ್ಪತ್ತೆರಡನೆಯದು ಮುನಿಯಪ್ಪನ ಬೆರಳುಗಳ ನಡುವೆ ಇತ್ತು.

"ಬೇರೆ ಪಟ್ಟಿಯವು ಯಾಕೆ ಮುಟ್ಲಿಲ್ಲ?" ಎಂದು ರೇವಣಸಿದ್ದ ಕೇಳಿದ.

"ಅವು ಇವರಿಗೆ ಸಾಲಲ್ಲ ಸಾರ್. ಸಾಲ್ದೆ ಹೋದ್ರೆ ಬೀಡಿ ಹಚ್ತಾರೆ. ಹೋದ ವಾರ ಹಂಗೇ ಹಚ್ಚಿ ಮೀಸೆಗೆ ಹತ್ಕೊಂಡ್ತು. ಗ್ಯಾಸ್ ಮುಂದೆ ಬೆಂಕಿ ತಂದ್ರೆ ಮನೆ ಸಮೇತ ಹೋಗ್ತೀರ ಅಂತ ಆಸ್ಪತ್ರೇಲಿ ಬೈದ್ರು."

"ಈ ಕಡ್ಡಿ ಸೇದಬಹುದು ಅಂದ್ರಾ?"

"ಅದೂ ಬೇಡ ಅಂದ್ರು. ಎಲ್ಲರೂ ಬೇಡ ಅಂತಾರೆ ಸಾರ್. ಬೇಡ ಅಂದ್ರೆ ಬಿಡೋ ಮನುಷ್ಯನಾ ಇವರು?"

"ನಾನು ಇಲ್ಲೇ ಇದೀನಿ ಕಣೇ," ಎಂದ ಮುನಿಯಪ್ಪ, ಉಸಿರು ಸಿಕ್ಕಷ್ಟರಲ್ಲಿ. "ಸಾಹೇಬ್ರೆ, ನನ್ನ ಹಿಡ್ಕೊಂಡು ಹೋಗಿ. ಸೇದಿದ್ದು ನಾನು."

ಮುನಿರಾಮಯ್ಯ ರೇವಣಸಿದ್ದನನ್ನು ಹೊರಗೆ ಕರೆದ. "ಸಾರ್, ಸೂರ್ಯ ಮುಳುಗಿದ್ಮೇಲೆ ಹೆಂಗಸ್ರನ್ನ ಅರೆಸ್ಟ್ ಮಾಡೋ ಹಂಗಿಲ್ಲ. ಪಂಚನಾಮೆ ಸ್ವಲ್ಪ ನಿಧಾನಕ್ಕೆ ಬರೆದ್ರೆ..."

ರೇವಣಸಿದ್ದ ನಿಧಾನಕ್ಕೇ ಬರೆದ. ಕೋಣೆಯ ಉದ್ದ ಅಗಲ, ಕಿಟಕಿಯ ದಿಕ್ಕು, ಡಬ್ಬಿಯ ಬಣ್ಣ. 6.20ಕ್ಕೆ ಪಂಚರ ಸಹಿ ಆಯಿತು. ನಾಳೆ ಬಂದು ಗಂಡನನ್ನು ನೋಡಿಕೊಳ್ಳಲು ಇಂದ್ರಮ್ಮ ತಂಗಿ ರಾಮಕ್ಕನಿಗೆ ಫೋನ್ ಮಾಡಿಸಿದಳು. ಒಂದು ರಾತ್ರಿ ಉಳಿಯಿತೆಂದು ರೇವಣಸಿದ್ದನಿಗೆ ಸಮಾಧಾನವಾಯಿತು. ಆ ಸಮಾಧಾನ ತುಂಗಾ ಬಾಯಿ ತೆರೆಯುವವರೆಗೆ ಮಾತ್ರ.

"ಸಾರ್, ಕಡ್ಡಿಗಳು?"

ಕಡ್ಡಿಗಳು ಮುದ್ದೆಮಾಲು, ಕಳವಿನ ಸಾಕ್ಷ್ಯ. ಇಪ್ಪತ್ತೆರಡೂ ಜಪ್ತಿಯಾಗಲೇಬೇಕು. ಮುನಿಯಪ್ಪನ ಬೆರಳುಗಳಿಂದ ಆ ಒಂದನ್ನು ಇಂದ್ರಮ್ಮನೇ ಬಿಡಿಸಿ ಕೊಟ್ಟಳು.

ಗುರುವಾರ ಬೆಳಿಗ್ಗೆ ಏಳಕ್ಕೇ ಕಿಟ್ಟಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ. "ಕಂಪ್ಲೇಂಟ್ ವಾಪಸ್ ತಗೋತೀನಿ ಸಾರ್. ಸಿಲಿಂಡರ್ ವಿಷಯ ಆಂಟಿ ಹೇಳೇ ಇರ್ಲಿಲ್ಲ."

"ಎಫ್‌ಐಆರ್ ಕೋರ್ಟಿಗೆ ಹೋಗಿದೆ ಕಿಟ್ಟಿ. ಇದು ಜಾಮೀನು ಸಿಗೋ ಕಲಂ ಅಲ್ಲ. ನೀವು ಹೇಳೋದನ್ನ ಅಲ್ಲಿ ಹೇಳಿ."

"ನಿಮ್ಮ ಕೈಲಿ ಏನೂ ಇಲ್ವಾ?"

ರೇವಣಸಿದ್ದ ಟೋಪಿ ಎತ್ತಿಕೊಂಡು ಜೀಪಿನ ಕಡೆ ನಡೆದ.

7.40ಕ್ಕೆ ಇಂದ್ರಮ್ಮನ ಬಂಧನವಾಯಿತು. ರಾತ್ರಿಯಿಡೀ ಎಚ್ಚರವಿದ್ದು ಅವಳ ಕಣ್ಣು ಕೆಂಡವಾಗಿತ್ತು. ಸೆರಗಿನ ಗಂಟು ಬಿಚ್ಚಿ ಮನೆಯ ಬೆಂಕಿಪೊಟ್ಟಣವನ್ನು ಪಕ್ಕದ ಮನೆಯ ಹನುಮವ್ವನ ಕೈಗಿಟ್ಟಳು. "ಎಷ್ಟು ಗೋಗರೆದ್ರೂ ಕೊಡ್ಬೇಡಿ. ರಾಮಕ್ಕ ಮಲ್ಲತ್ತಹಳ್ಳೀಲಿ ಕೆಲಸ ಮುಗಿಸ್ಕೊಂಡು ಬರೋಷ್ಟೊತ್ತಿಗೆ ಹನ್ನೆರಡಾಗುತ್ತೆ."

ಬಂಧನದ ಪತ್ರಕ್ಕೆ ಸಂಬಂಧಿಕರ ಸಹಿ ಬೇಕಿತ್ತು. ಮುನಿಯಪ್ಪ ಮಲಗಿದಲ್ಲಿಂದಲೇ ಸಹಿ ಹಾಕಿದ. ಮೂರು ಅಕ್ಷರ ಬರೆದು ನಡುವೆ ಉಸಿರಿಗಾಗಿ ನಿಂತ.

ಠಾಣೆಗೆ ಬಂದು ರೇವಣಸಿದ್ದ ಕೇಸ್ ಡೈರಿ ತೆರೆದ. ‘ಆರೋಪಿತಳು ಮಾಲನ್ನು ಮಾರಿರುವುದಿಲ್ಲ. ಗಂಡನಿಗೆ ಸೇದುವ ಚಟ ಬಿಡಲಾಗದೆ ಇರುವುದರಿಂದ, ಮನೆಯೊಳಗೆ ಬೆಂಕಿ ಹಚ್ಚದಿರಲೆಂದು ಕಳವು ಮಾಡಿರುತ್ತಾಳೆ.’ ಎರಡನೆಯ ವಾಕ್ಯ ತನಿಖೆಗೆ ಬೇಕೋ ಬೇಡವೋ ಎಂದು ಬಹಳ ಹೊತ್ತು ನೋಡಿದ. ಹಾಗೇ ಬಿಟ್ಟ.

ಬಂಧನದ ಮೇಲೆ ಬಾಪೂಜಿ ನಗರದಲ್ಲೇ ಉಳಿದಿದ್ದ ಮುನಿರಾಮಯ್ಯ 10.15ಕ್ಕೆ ಫೋನ್ ಮಾಡಿದ.

"ರಾಮಕ್ಕ ಇನ್ನೂ ಬಂದಿಲ್ಲ ಸಾರ್. ಹನುಮವ್ವ ಹೊಸಿಲಲ್ಲೇ ಕೂತಿದಾರೆ. ಆ ಯಪ್ಪ ಎಲ್ಲಿಟ್ಟಿದ್ರೋ, ಒಂದು ಬೀಡಿ ಹಿಡ್ಕೊಂಡು ಕಿಟಕೀಲಿ ಹೋಗೋ ಬರೋರನ್ನೆಲ್ಲ ಬೆಂಕಿ ಕೇಳ್ತಾ ಇದಾರೆ. ನಾನು ಇಲ್ಲೇ ಇರ್ಲಾ ಸಾರ್, ಬರ್ಲಾ?"

ಹನ್ನೊಂದಕ್ಕೆ ಇಂದ್ರಮ್ಮನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು. ಬೆಂಚಿನ ಮೇಲೆ ತುಂಗಾಳ ಪಕ್ಕ ಕೂತಿದ್ದ ಆಕೆ, ಫೋನಿನಲ್ಲಿ ಯಾರೆಂದು ಕೇಳದೆ, ರೇವಣಸಿದ್ದನ ಮುಖವನ್ನೇ ನೋಡುತ್ತಿದ್ದಳು.

"ಅಲ್ಲೇ ಇರಿ," ಎಂದ ರೇವಣಸಿದ್ದ.