ಮೇಲಿನ ಮೆಟ್ಟುಗಳು

"ಇವತ್ತು ಕೆಳಗೇ ನುಡಿಸು. ಮೇಲಕ್ಕೆ ಹತ್ತಿದ್ಯೋ, ನಾನು ಹಾಡೋದಿಲ್ಲ."

ಉಲುವೇಹಿ ಇಷ್ಟು ಹೇಳಿ, ಅವನ ಮುಖ ನೋಡದೆ, ಮೈಕಿನ ವೈರು ಬಿಡಿಸತೊಡಗಿದಳು.

ಪುಟ್ಟ ಗಿಟಾರಿನಂಥ ಉಕುಲೇಲೆಯ ಬಿರಡೆ ತಿರುಗಿಸುತ್ತಿದ್ದ ಕವಿಕಾನ ಕೈ ನಿಂತಿತು. "ಉಲು, ಒಂದ್ನಿಮಿಷ ನನ್ ಮಾತು..."

"ಬೇಡ. ಹೂಂ ಅನ್ನು, ಇಲ್ಲ ಊಹೂಂ ಅನ್ನು."

"...ಹೂಂ."

ದ್ವೀಪದೂರು ವೈಮಾನಾಲೋದ ಆ ಹಿತ್ತಲಲ್ಲಿ ನೀಲಿ ಟಾರ್ಪಾಲಿನಡಿ ಊರಿಗೆ ಊರೇ ಸೇರಿತ್ತು. ಉಲುವೇಹಿಯ ತಂಗಿ ಮೋಮಿಯ ಮಗನಿಗೆ ವರ್ಷ ತುಂಬಿದ ದಿನ. ಮಗುವಿನ ಮೊದಲ ಹುಟ್ಟುಹಬ್ಬವೆಂದರೆ ಇಲ್ಲಿ ಮದುವೆಗೂ ಕಡಿಮೆಯಲ್ಲ. ನೆಲದೊಲೆಯಿಂದ ಬೆಂದ ಹಂದಿ ಮೇಲೆ ಬಂದಾಗಿತ್ತು. ಕೆಸುವಿನ ಗೆಡ್ಡೆ ಅರೆದ ಪೋಯಿಯ ಬೋಗುಣಿಗಳು ಮೇಜು ಸೇರಿದ್ದವು. ಉಳಿದದ್ದು ಮಗುವಿನ ಹೆಸರಿನ ಹಾಡು.

ಅದನ್ನು ಕಟ್ಟಿದವಳು ಉಲುವೇಹಿ, ಮಗು ಹುಟ್ಟಿದ ವಾರದಲ್ಲಿ. ಆಗ ಗಂಟಲು ಅವಳದೇ ಆಗಿತ್ತು. ಆಮೇಲೆ ಥೈರಾಯ್ಡ್ ಆಪರೇಷನ್ ಆಯಿತು. ದನಿಯೇನೋ ಮರಳಿತು, ಆದರೆ ಯಾರದೋ ದನಿ ತಪ್ಪಿ ಇವಳ ಮನೆಗೆ ಬಂದ ಹಾಗೆ... ತಗ್ಗು, ಒರಟು, ಸಣ್ಣ.

ಇವತ್ತು ಆಗಲಿಲ್ಲವೆಂದರೆ ಹಾಡನ್ನು ಬೇರೆಯವರಿಗೆ ಕೊಟ್ಟು ಬಾಯಿ ಮುಚ್ಚಿಕೊಳ್ಳುವುದು. ಹಾಗೆಂದು ಅವಳು ಬೆಳಿಗ್ಗೆಯೇ ತೀರ್ಮಾನಿಸಿದ್ದಳು. ಒಮ್ಮೆ ಬಿಟ್ಟದ್ದನ್ನು ಮತ್ತೆ ಕೇಳುವವಳಲ್ಲ ಅವಳು.

ಮತ್ತೆ ಈ ಕವಿಕಾ. ಮೊದಲು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ನುಡಿಸುತ್ತಿದ್ದವನು, ಅವಳು ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಅಭ್ಯಾಸದಲ್ಲೇ ಬದಲಾಗಿದ್ದ. ಎಲ್ಲರೂ ದಂಡಿಯ ತುದಿಯ ಮೆಟ್ಟುಗಳಲ್ಲಿ ಬೆರಳಿಟ್ಟರೆ, ಇವನ ಎಡಗೈ ಮಾತ್ರ ವಾದ್ಯದ ಹೊಟ್ಟೆಯತ್ತ, ಸ್ವರ ಏರುವ ಮೇಲಿನ ಮೆಟ್ಟುಗಳಿಗೆ, ಜಾರುತ್ತಾ ಹೋಗುತ್ತಿತ್ತು. ಅದೇ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಅವೇ ಸ್ವರಗಳು. ಕೆಳಗಿದ್ದದ್ದು ಮೇಲಾಗಿ, ನಡುವಿದ್ದದ್ದು ಕೆಳಗಾಗಿ, ಗಾಜಿನ ಚೂರುಗಳ ಹಾಗೆ ಮಿನುಗುವ ಸದ್ದು. ಅಭ್ಯಾಸ ಕೇಳಲು ಬಂದ ಜನ ಶಿಳ್ಳೆ ಹೊಡೆದಿದ್ದರು. ಅವನಿಗೆ.

ನನ್ನ ದನಿ ಬಿತ್ತು, ಇವನಿಗೆ ಅಂಗಳ ಸಿಕ್ಕಿತು... ಅಂದಿನಿಂದ ಅವಳು ಅವನ ಫೋನು ಎತ್ತಿರಲಿಲ್ಲ.

"ಏನ್ರೋ, ನಿಮ್ಮಿಬ್ಬರ ಮುಖ ನೋಡಿದ್ರೆ ಕೇಕ್ ಕತ್ತರಿಸೋದೋ, ಶವಪೆಟ್ಟಿಗೆ ಎತ್ತೋದೋ ಗೊತ್ತಾಗ್ತಿಲ್ವಲ್ಲ," ಎಂದರು ಇನ್ನೊಂದು ಉಕುಲೇಲೆ ಹಿಡಿದ ಹೆನೆಲೆ ಅಂಕಲ್. ಮೂರನೆಯ ಮೆಟ್ಟು ದಾಟಲು ಪಾಸ್‌ಪೋರ್ಟ್ ಬೇಕೆಂದು ನಂಬಿದ್ದ ಮನುಷ್ಯ ಅವರು.

ಹುಲಾ ಕುಣಿತ ಕಲಿಸುವ ಹೌನಾನಿ ಆಂಟಿ ತಮ್ಮ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹತ್ತಿರ ಬಂದರು. "ಉಲು, ಚರಣದ ಕೂಗು ಜೋರಾಗಿರ್ಲಿ ಕಣೇ. ಇವರ ಬೆನ್ನು ನಿನ್ ಕಡೆಗಿರತ್ತೆ. ಕಿವಿ ಒಂದೇ ಗತಿ."

ಉಲುವೇಹಿ ತಲೆಯಾಡಿಸಿದಳು.

ಪ್ರತಿ ಚರಣಕ್ಕೂ ಮುನ್ನ ಅದರ ಮೊದಲ ಪದವನ್ನು ಹಾಡುವವಳು ಕೂಗಿ ಹೇಳಬೇಕು. ಕೂಗು ಬರುವ ತನಕ ವಾದ್ಯದವರು ಒಂದೇ ಸುತ್ತು ನುಡಿಸುತ್ತಾ ಕಾಯುತ್ತಾರೆ. ಕೂಗು ಕೇಳದೆ ಕುಣಿಯುವವರು ತಿರುಗಿ ಮುಂದಿನ ಚರಣಕ್ಕೆ ಹೋಗುವುದಿಲ್ಲ.

ಹಾಡು ಶುರುವಾಯಿತು. ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಮೈಕು. ಕವಿಕಾ ಕೊಟ್ಟ ಮಾತಿನಂತೆ ಕೆಳಗೇ ನುಡಿಸಿದ, ಅಂಕಲ್ಲಿನ ಬೆರಳುಗಳ ತದ್ರೂಪು. ಎರಡು ಉಕುಲೇಲೆ, ಒಂದು ಗಿಟಾರ್, ಎಲ್ಲವೂ ಒಂದೇ ಎತ್ತರದಲ್ಲಿ ದಟ್ಟವಾಗಿ ಕವಿದುಕೊಂಡವು.

ಅವಳ ದನಿಯೂ ಈಗ ಇರುವುದು ಅದೇ ಎತ್ತರದಲ್ಲಿ.

ಮೊದಲ ಚರಣದ ನಡುವಿಗೇ ಮುಂದಿನ ಮೇಜಿನವರು ಮಾತು ಶುರುವಿಟ್ಟುಕೊಂಡರು. ಹಾಡು ಆರಂಭವಾಗಿದೆಯೆಂದೇ ಅವರಿಗೆ ತಿಳಿದಿರಲಿಲ್ಲ. ಉಲುವೇಹಿ ಒತ್ತಿ ಹಾಡಿದಳು. ಗಂಟಲು ಉರಿಯಿತು.

ಎರಡನೆಯ ಚರಣಕ್ಕೆ ಕೂಗಿದಳು. ಹುಡುಗಿಯರ ಸೊಂಟ ಅದೇ ಸುತ್ತಿನಲ್ಲೇ ತೂಗುತ್ತಿತ್ತು. ಯಾರೂ ತಿರುಗಲಿಲ್ಲ.

ಇನ್ನೊಂದು ಸುತ್ತು. ಮತ್ತೆ ಕೂಗಿದಳು. ಸಾಲಿನ ಕೊನೆಯವಳೊಬ್ಬಳು ತಿರುಗಿದಳು, ಉಳಿದವರು ತಿರುಗದ್ದನ್ನು ಕಂಡು ನಾಚಿ ಮೊದಲಿನಂತೆ ನಿಂತಳು. ಮಗುವನ್ನು ಎತ್ತಿಕೊಂಡಿದ್ದ ಮೋಮಿಯ ಮುಖ ಬಿಳಿಚಿಕೊಂಡಿತು. ಹೌನಾನಿ ಆಂಟಿಯ ಹುಬ್ಬು ಗಂಟಾಯಿತು.

ಮುಗಿಯಿತು... ಕೊಟ್ಟುಬಿಡು ಹಾಡನ್ನು.

ಅವಳು ಕವಿಕಾನ ಕಡೆ ನೋಡಿದಳು. ಅವನು ನಗುತ್ತಿರುತ್ತಾನೆಂದುಕೊಂಡಿದ್ದಳು. ಆದರೆ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಣ್ಣು ಅವಳ ಮೇಲಿತ್ತು. ಎಡಗೈ ಮೊದಲ ಮೆಟ್ಟುಗಳನ್ನು, ಜಾರಿ ಬೀಳುವವನು ಕೊಂಬೆ ಹಿಡಿದಂತೆ ಹಿಡಿದುಕೊಂಡಿತ್ತು. ಮಾತು ಕೊಟ್ಟಿದ್ದನಲ್ಲ.

ಹಾಗಾದರೆ ಅಷ್ಟು ದಿನ ಇವನು ಹತ್ತುತ್ತಿದ್ದದ್ದು... ಜಾಗ ಬಿಡಲಿಕ್ಕಾ?

ಅವಳು ಹುಬ್ಬು ಮೇಲೆತ್ತಿದಳು. ಹೋಗು, ಮೇಲೆ ಹೋಗು.

ಅವನ ಕೈ ಒಮ್ಮೆಲೇ ಏಳನೆಯ ಮೆಟ್ಟಿನತ್ತ ಜಾರಿತು. ಅವೇ ಸ್ವರಗಳು ತೆಳ್ಳಗೆ, ಎತ್ತರದಲ್ಲಿ ಮಿನುಗಿದವು. ದಟ್ಟಣೆಯಲ್ಲಿ ಒಬ್ಬ ಎದ್ದು ನಿಂತು ದಾರಿ ಬಿಟ್ಟಂತಾಯಿತು. ಅವನು ಅಂಕಲ್ಲಿನತ್ತ ಗದ್ದದಲ್ಲೇ ಸನ್ನೆ ಮಾಡಿದ. ಅಂಕಲ್ ಗೊಣಗುತ್ತಲೇ ಮೀಟು ಮೆಲ್ಲಗೆ ಮಾಡಿದರು.

ಆ ಖಾಲಿ ಜಾಗಕ್ಕೆ ಉಲುವೇಹಿ ಕೂಗಿದಳು. ದನಿ ಒಡೆದಿತ್ತು. ಆದರೆ ಅದು ಟಾರ್ಪಾಲಿನ ಕೊನೆಯ ಕಂಬದವರೆಗೂ ಹೋಯಿತು.

ಹುಡುಗಿಯರು ಒಟ್ಟಿಗೆ ತಿರುಗಿದರು. ಮೇಜುಗಳು ಮೌನವಾದವು. ಮೂರನೆಯ ಚರಣದಲ್ಲಿ ಮಗುವಿನ ಹೆಸರು ಬಂದಾಗ ಮೋಮಿ ಮಗನ ನೆತ್ತಿಗೆ ಮುಖ ಒತ್ತಿ ಅಳುತ್ತಿದ್ದಳು.

ಹಾಡು ಮುಗಿದ ಮೇಲೆ ಉಲುವೇಹಿ ಮನೆಯ ಹಿಂಬದಿಯ ಮೆಟ್ಟಿಲಲ್ಲಿ ಕೂತಳು. ಕವಿಕಾ ಬಂದ, ಆದರೆ ಹತ್ತಿರ ಬರಲಿಲ್ಲ.

"ಯಾಕೆ ಹೇಳ್ಲಿಲ್ಲ ನಂಗೆ?"

"ಹೆಂಗ್ ಹೇಳ್ಲಿ? ನಿನ್ ದನಿ ಇಳಿದಿದೆ, ನಾವೂ ಅಲ್ಲೇ ಕೂತ್ರೆ ನೀನು ಮುಳುಗ್ತೀಯ ಅಂತಾನಾ? ನೀನಾಗ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ ಉಲು. ನಾನೇ ಎದ್ದು ಹೋದ್ರೆ ಆಯ್ತು, ನಿಂಗೆ ಗೊತ್ತೂ ಆಗಲ್ಲ ಅಂದ್ಕೊಂಡೆ."

"ಜನ ಶಿಳ್ಳೆ ಹೊಡೆದ್ರು."

"ಹೂಂ. ಅದು ಇಷ್ಟಾನೂ ಆಯ್ತು. ಸುಳ್ಳು ಹೇಳಲ್ಲ."

ನಗು ಬಂತು ಅವಳಿಗೆ. ಅದರ ಹಿಂದೆಯೇ ಅಳುವೂ ಬಂತು.

"ಹಳೇ ದನಿ ಬರಲ್ಲ, ಕವಿಕಾ. ಡಾಕ್ಟ್ರು ಹೇಳಿದ್ದಾರೆ."

"ಗೊತ್ತು."

"ಬೇಜಾರಿಲ್ವಾ ನಿಂಗೆ?"

"ಆ ದನಿ ಊರಿಗೆಲ್ಲ ಇಷ್ಟ ಇತ್ತು. ಇದು ಮನೆಗೆ ಹೋದ್ಮೇಲೂ ನನ್ ಕಿವೀಲಿರತ್ತೆ. ನೀನು ಇನ್ಮೇಲೆ ಹಾಡದೇ ಇದ್ರೂ... ನಂಗೆ ಬೇಕಾಗಿರೋದು ನೀನು. ಹಾಡು ಅಲ್ಲ."

ಟಾರ್ಪಾಲಿನ ಕಡೆಯಿಂದ ಹೆನೆಲೆ ಅಂಕಲ್ ಮುಂದಿನ ಹಾಡಿಗೆ ಇಬ್ಬರ ಹೆಸರನ್ನೂ ಹಿಡಿದು ಕರೆಯುತ್ತಿದ್ದರು. ಇಬ್ಬರೂ ಓಗೊಡಲಿಲ್ಲ.

"ಇನ್ಮೇಲೆ ನಂಗೆ ಹೇಳ್ದೆ ಏನೂ ಮಾಡ್ಬೇಡ," ಎಂದಳು ಉಲುವೇಹಿ. "ನನ್ ಒಳ್ಳೇದಕ್ಕೇ ಆದ್ರೂ."

"ಸರಿ. ಹಾಗಾದ್ರೆ ಈಗ ಒಂದು ಕೇಳ್ಲಾ?"

"ಕೇಳು."

"ಅಲ್ಲಿ ಕೂತ್ಕೋಬಹುದಾ? ಉಕುಲೇಲೆ ಇಲ್ದೆ."

ಉಲುವೇಹಿ ಕಣ್ಣೊರೆಸಿಕೊಂಡು ಮೆಟ್ಟಿಲಲ್ಲಿ ಪಕ್ಕಕ್ಕೆ ಸರಿದಳು.

"ಬಾ. ಇಬ್ಬರಿಗೂ ಆಗತ್ತೆ."