ಕನ್ಫರ್ಮ್ ಆಗದ ಒಂದು ಹೆಸರು

"ಯಾರು ಬೇಕಾಗಿತ್ರೀ?"

ದನಿ ಮೇಲಿನಿಂದ ಬಂತು! ಓಣಿಯಲ್ಲಿ ಮನೆ ಹುಡುಕುತ್ತಿದ್ದ ಸುಜಾತಾ ತಲೆಯೆತ್ತಿ ನೋಡಿದಳು. ಕರೆಂಟ್ ಕಂಬದ ತುದಿಯಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದವನು... ಕುನಾಲ.

ಅವನೂ ಗುರುತಿಸಿದ. ಕೈಯಲ್ಲಿದ್ದ ಇಕ್ಕಳ ಜಾರಿ ಅವಳ ಕಾಲ ಬಳಿ ಬಿತ್ತು.

"ಅಯ್ಯೋ! ಬಡೀತೇನ್ರೀ?"

"ಇಲ್ಲ," ಎಂದಳು. 'ಬಡಿದದ್ದು ಹೋದ ವರ್ಷವೇ...' ಎಂದುಕೊಂಡಿತು ಮನಸ್ಸು.

ಹೋದ ವರ್ಷ ಇದೇ ಕುನಾಲ ಕಮಲಾಪುರದಿಂದ ಕಲಬುರಗಿಯ ಶಹಾಬಜಾರಕ್ಕೆ, ತಾಯಿಯೊಂದಿಗೆ ಅವಳನ್ನು ನೋಡಲು ಬಂದಿದ್ದ. ಚಹಾ ಕೊಡುವಾಗ ಇಬ್ಬರೂ ಸುಮ್ಮಸುಮ್ಮನೆ ನಕ್ಕಿದ್ದರು. ಹೋಗುವಾಗ ಅವನು ಓಣಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದ್ದ. ಅಷ್ಟೇ! ಆಮೇಲೆ ಅವರ ಕಡೆಯಿಂದ ಒಂದು ಮಾತಿಲ್ಲ. ಅದೇ ವಾರ ಅಪ್ಪ ಸೂರ್ಯಕಾಂತನಿಗೆ ಲಕ್ವಾ ಹೊಡೆದು ಬಲಪಕ್ಕ ಬಿದ್ದುಹೋಯಿತು. ಆ ಗದ್ದಲದಲ್ಲಿ ತನ್ನ ನೋವನ್ನು ಯಾರಿಗೂ ಹೇಳದೆ ನುಂಗಿದಳು ಸುಜಾತಾ.

ಈಗ ಅಪ್ಪನೇ ಹಟ ಹಿಡಿದು ಅವಳನ್ನು ಕಮಲಾಪುರಕ್ಕೆ ಕಳಿಸಿದ್ದ. ಕುನಾಲನ ತಾಯಿ ಗುಂಡಮ್ಮ, ಅಪ್ಪನ ತೀರಿಹೋದ ಗೆಳೆಯನ ಹೆಂಡತಿ. ಎರಡೂ ಮನೆಯವರು ಕೂಡಿ ಸಾಂಚಿಯ ಬೌದ್ಧ ಸ್ತೂಪ ನೋಡಲು ಹೋಗಬೇಕೆಂಬುದು ಅಪ್ಪನ ಆಸೆ. ಬುದ್ಧಗಯೆಗಾದರೆ ನಡುದಾರಿಯಲ್ಲಿ ಗಾಡಿ ಬದಲಿಸಬೇಕು, ಅವನ ಕಾಲಿಗೆ ಅದು ಆಗದು. ಸಾಂಚಿಯ ಹತ್ತಿರದ ಭೋಪಾಲದವರೆಗಾದರೆ ಒಂದೇ ಗಾಡಿ. ಜೀವನವಿಡೀ ಜನರ ಮನೆಯ ನೆಲಕ್ಕೆ ಪರಸಿ ಕಲ್ಲು ಹಾಸಿದ ಗೌಂಡಿ ಅವನು. "ಆ... ಕಲ್ಲು... ನೋಡ್ಬೇಕು," ಎನ್ನುತ್ತಿದ್ದ, ಸೊಟ್ಟಗಾದ ಬಾಯಿಯಲ್ಲಿ.

ಮನೆಯೊಳಗೆ ಗುಂಡಮ್ಮ, ಸುಜಾತಾಳ ಮಾತು ಮುಗಿಯುವ ಮೊದಲೇ ಒಪ್ಪಿದಳು. "ಸ್ಲೀಪರ್ ಸಾಕವ್ವಾ, ನಮಗ ಏಸಿ ಯಾಕ? ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡ್ರ ದಾರ್ಯಾಗ ಏನೂ ಕೊಳ್ಳೋದು ಬ್ಯಾಡ." ಸುಜಾತಾಳ ಕೈಗೆ ಕಮಲಾಪುರದ ಕೆಂಪು ಬಾಳೆಯ ಚಿಪ್ಪೊಂದನ್ನು ಇಟ್ಟಳು.

"ಅಲ್ಲಿ ಯಾತ್ರೆಗೆ ಬಂದವರಿಗೆ ಉಳಕೊಳ್ಳಾಕ ಕಡಿಮಿ ದರಕ್ಕ ಖೋಲಿ ಸಿಗ್ತಾವಂತ. ನಾ ಕೇಳ್ತೀನಿ," ಎಂದ ಕುನಾಲ, ಗೋಡೆ ನೋಡುತ್ತ.

ಅಪ್ಪ, ಅವ್ವ, ಸುಜಾತಾ, ಗುಂಡಮ್ಮ, ತಾನು... ಐದು ಜನರ ಟಿಕೆಟ್ ಅವನೇ ತೆಗೆಸಿದ. ಎಲ್ಲವೂ ವೇಟಿಂಗ್! ದಿನವೂ ಅವನಿಂದ ಮೆಸೇಜು ಬರುತ್ತಿತ್ತು: 'ಸ್ವಲ್ಪ ಮುಂದ ಬಂದದ.' 'ಸರಿ' ಎಂದಷ್ಟೇ ಬರೆಯುತ್ತಿದ್ದಳು. ಮತ್ತೆ ಮತ್ತೆ ತೆರೆದು ಓದುತ್ತಿದ್ದಳು... ಯಾಕೆಂದು ಅವಳಿಗೇ ತಿಳಿಯದು.

ಹೊರಡುವ ದಿನ ಬಂತು. ಅಪ್ಪ ಬೆಳಗ್ಗೆಯೇ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ಕೂತಿದ್ದ. ಆಗ ಕುನಾಲನ ಫೋನು.

"ಚಾರ್ಟ್ ಆಯ್ತು. ನಾಕ್ ಮಂದೀದು ಕನ್ಫರ್ಮ್ ಆಗ್ಯದ..."

"ಯಾರ್ದು ಆಗಿಲ್ಲ?"

"ನಿಮ್ದು."

ಅಪ್ಪನಿಗೆ ಔಷಧ ಕೊಡುವವಳು, ತಿನಿಸುವವಳು, ಹಿಡಿದು ನಡೆಸುವವಳು ಅವಳೇ. ಅವ್ವನಿಗೆ ಮೊಣಕಾಲು ನೋವು. 'ಎಲ್ಲ ರದ್ದು ಮಾಡಿಬಿಡಲೇ?' ಎಂದುಕೊಂಡು ತಿರುಗಿದಳು. ಅಪ್ಪ ಸರಿಯಿದ್ದ ಎಡಗೈಯಿಂದ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ಮಗುವಿನ ಹಾಗೆ. ಅವಳು ಔಷಧದ ಡಬ್ಬಿ ಎತ್ತಿಕೊಂಡು ಆಟೋ ಕರೆದಳು.

ಸ್ಟೇಷನ್ನಿನಲ್ಲಿ ಗುಂಡಮ್ಮ ಕೈ ಹಿಡಿದಳು. "ನನ್ನ ಸೀಟಿನ್ಯಾಗ ನೀ ಹೋಗವ್ವಾ, ನಾ ಉಳೀತೀನಿ."

"ಹಂಗ ಹೆಸರು ಬದಲ್ಸಾಕ ಬರಂಗಿಲ್ಲರೀ ಅತ್ತಿ. ವೇಟಿಂಗ್ ಟಿಕೀಟಿನ ಮ್ಯಾಲ ಸ್ಲೀಪರಿಗೂ ಹತ್ತಸಂಗಿಲ್ಲ, ನಾ ಜನರಲ್ ಡಬ್ಬಿಗಿ ಹತ್ತತೀನಿ."

ಗಾಡಿ ಬಂತು. ಕುನಾಲ ಅಪ್ಪನನ್ನು ಅನಾಮತ್ತಾಗಿ ಎತ್ತಿ ಕೆಳಗಿನ ಬರ್ತಿನಲ್ಲಿ ಕೂರಿಸಿದ. ಸುಜಾತಾ ಜನರಲ್ ಡಬ್ಬಿಯ ಕಡೆಗೆ ಓಡಿದಳು. ಬಾಗಿಲಲ್ಲೇ ಜನ ಜೋತುಬಿದ್ದಿದ್ದರು! ಕಾಲಿಡಲು ಜಾಗವಿಲ್ಲ. "ಸ್ವಲ್ಪ ಸರೀರಿ, ಕೈ ಮುಗೀತೀನಿ..." ಯಾರೂ ಸರಿಯಲಿಲ್ಲ. ಸರಿಯಲು ಅವರಿಗಾದರೂ ಜಾಗವೆಲ್ಲಿತ್ತು?

ತಿರುಗಿ ಓಡಿಬಂದಳು. ಕುನಾಲ ಬಾಗಿಲಲ್ಲಿ ನಿಂತಿದ್ದ. ಔಷಧದ ಡಬ್ಬಿಯನ್ನು ಅವನ ಕೈಗಿಟ್ಟಳು. ತನ್ನನ್ನು ಬೇಡವೆಂದವನ ಕೈಗೇ ಅಪ್ಪನನ್ನು ಒಪ್ಪಿಸಬೇಕಲ್ಲ! ಕಣ್ಣು ತುಂಬಿ ಬಂತು.

"ಊಟಾದ ಮ್ಯಾಲ ಬಿಳೀ ಗುಳಿಗಿ. ನೀರು ಚಮಚದಾಗೇ ಕುಡಸ್ರೀ, ಇಲ್ಲಂದ್ರ ನೆತ್ತಿಗಿ ಹತ್ತತದ. ಅಪ್ಪಗ ಸಿಟ್ಟು ಬರ್ತದ... ಬೈಬ್ಯಾಡ್ರೀ."

"ಬೈತೀನೇನ್ರೀ? ಮಾವ ಅಂತ ಕರ್ಯಾಕ ಆಸಿ ಪಟ್ಟಾಂವ ನಾ. ನೀವ್ ಒಲ್ಲೆ ಅಂದ್ರಿ, ಅದಕ್ಕ..."

"ನಾ ಒಲ್ಲೆ ಅಂದ್ನಾ? ಯಾರ್ ಹೇಳಿದ್ರು?"

ಗಾಡಿ ಅಲುಗಿತು.

"ನಿಮ್ಮ ಮನ್ಯಾಗಿಂದೇ ಹೇಳಿ ಕಳಸಿದ್ರಲ್ಲ!"

"ಇಲ್ಲರೀ! ನಾ ನಿಮ್ಮ ದಾರಿ ನೋಡಿ ನೋಡಿ..."

ಉಳಿದ ಮಾತನ್ನು ಗಾಡಿಯ ಸದ್ದು ನುಂಗಿತು. ಅವಳು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಓಡಿದಳು. ಮುಂದೆ ಹಳಿ ಮಾತ್ರವಿತ್ತು.

ಅಂದೆಲ್ಲ ಫೋನು ಹತ್ತಲಿಲ್ಲ. ಮರುದಿನ ಹತ್ತಿದಾಗ ಮಾತಾಡಿದವಳು ಅವ್ವ.

"ಕುನಾಲ ಎಲ್ಲಾ ಕೇಳ್ದ, ಸುಜಾತಾ... ನಿಮ್ಮಪ್ಪ ಬಿದ್ದಾಗ ನಾನೇ ಬ್ಯಾಡ ಅಂತ ಹೇಳಿ ಕಳಸ್ದೆ. ನೀ ಗಂಡನ ಮನೀಗಿ ಹೋದ್ರ ನಾ ಒಬ್ಬಾಕಿ ಹ್ಯಾಂಗ ಅವರನ್ನ ಎತ್ಲಿ? ಅಂಜಿಕಿ ಆಯ್ತು, ನನ್ನವ್ವಾ..."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವ್ವನ ಆ ಅಂಜಿಕೆ ಅವಳೊಳಗೂ ಇತ್ತಲ್ಲ! ಖಾಲಿ ಮನೆಯಲ್ಲಿ ಅಪ್ಪನ ಮಂಚದ ಮೇಲೆ ಕೂತು ಅತ್ತುಬಿಟ್ಟಳು.

ಅವರು ಮರಳಿದ ದಿನ ಗಾಡಿ ನಿಲ್ಲುವ ಮೊದಲೇ ಅವಳ ಕಣ್ಣು ಡಬ್ಬಿಗಳಲ್ಲಿ ಹುಡುಕುತ್ತಿತ್ತು. ಅಪ್ಪ ಕುನಾಲನ ಹೆಗಲು ಹಿಡಿದು ಇಳಿದ. ಕಣ್ಣಲ್ಲಿ ಬೆಳಕಿತ್ತು. "ಕಲ್ಲು... ಮು... ಮುಟ್ಟಿ ಬಂದೆ!" ಎಂದ ಮಗಳಿಗೆ, ಅಂಗೈ ತೋರಿಸುತ್ತ.

ಅವ್ವನೂ ಗುಂಡಮ್ಮನೂ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಬೇಕೆಂದೇ ಬೇರೆ ಕಡೆ ನೋಡಿದರು.

ಕುನಾಲನ ಗಡ್ಡ ಬೆಳೆದಿತ್ತು. ಅಂಗಿಯ ಮೇಲೆ ಅಪ್ಪ ಚೆಲ್ಲಿದ ಸಾರಿನ ಕಲೆ.

"ಒಂದ್ ಮಾತು ನನ್ನೇ ಕೇಳಬಾರ್ದಿತ್ತೇನ್ರೀ?" ಎಂದಳು ಸುಜಾತಾ.

"ಕೇಳಬೇಕಿತ್ತು. ಧೈರ್ಯ ಆಗ್ಲಿಲ್ಲ. ಈಗ ಕೇಳ್ತೀನಿ... ನನ್ನ ಮದಿವಿ ಆಗ್ತೀರೇನು?"

ಎದೆ ಹೂಂ ಎಂದಿತು. ಆದರೆ ಅವಳ ಕಣ್ಣು ಬೆಂಚಿನ ಕಡೆಗೆ ಹೊರಳಿತು. "ಅಪ್ಪನ್ನ ಬಿಟ್ಟು ಬರಾಕ ಆಗಂಗಿಲ್ಲರೀ... ನಿಮಗ ಕಮಲಾಪುರದಾಗ ನೌಕ್ರಿ, ಅಲ್ಲಿ ನಿಮ್ಮವ್ವ... ಹ್ಯಾಂಗ ಆಗ್ತದ ಹೇಳ್ರೀ?"

"ನನಗೂ ಗೊತ್ತಿಲ್ಲ, ಸುಜಾತಾ."

ಸುಳ್ಳು ಭರವಸೆ ಕೊಡಲಿಲ್ಲ ಅವನು. ಅದಕ್ಕೇ ಅವಳಿಗೆ ಅವನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತು.

"ಗೊತ್ತಿಲ್ದೇ ಕೇಳಾಕತ್ತೀರೇನು?"

"ಹೂಂ. ಇಷ್ಟು ದಿನ ಇಬ್ರೂ ಬ್ಯಾರೆ ಬ್ಯಾರೆ ಕೂತು ಅತ್ತೀವಿ. ಇನ್ನ ಒಂದೇ ಕಡಿ ಕೂತು ವಿಚಾರ ಮಾಡೂಣು."

ಅವಳು ಮೆಲ್ಲನೆ ಅವನ ಕೈ ಹಿಡಿದಳು.

"ಮೊದಲ ಮನೀಗಿ ಬರ್ರೀ. ಬಿಸಿ ರೊಟ್ಟಿ ಉಣ್ಣೂಣು."